ಒಳಗರಡಿ

ಬಹಳ ಕಾಲದ ಹಿಂದೆ ಹಂಸಗುಂದ ಎಂಬ ರಾಜ್ಯವಿತ್ತು. ಅಲ್ಲಿ ಮೂವತ್ತು ದಾಟಿದ ಯಾರಿಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ. ರಾಜನೂ ಸಿಂಹಾಸನದಿಂದ ಏಳುವಾಗ ಇಬ್ಬರ ಹೆಗಲು ಹಿಡಿಯುತ್ತಿದ್ದ. ಉತ್ತರದ ಬೋಳುಗುಡ್ಡದ ಗವಿಯಲ್ಲಿ ಕೀಲ್ಗಳ್ಳ ಎಂಬ ಮಾಂತ್ರಿಕನಿದ್ದ. ಜನರ ಕೀಲಿನೊಳಗಿನ ಜಿಡ್ಡನ್ನು ಕದ್ದು, ಆ ಜಾಗದಲ್ಲಿ ಮರಳು ತುಂಬುವುದು ಅವನ ಕಸುಬು. ಕದ್ದದ್ದನ್ನು ಕುಡಿದು ಅವನು ಇನ್ನೂರು ವರ್ಷಗಳಿಂದ ಇಪ್ಪತ್ತರ ಹರೆಯದಲ್ಲೇ ಇದ್ದ.

ಮರಳನ್ನು ಉದುರಿಸಲು ಹಂಸಗುಂದದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಗರಡಿಮನೆಗೆ ಹೋಗುವುದು, ನೋಯುವ ಕೀಲಿನ ಮೇಲೆ ಬೇವಿನ ಸೊಪ್ಪು ಹಾಸುವುದು, ಹುಣಸೆಮರದ ಕೊಡತಿಯಿಂದ ಬಡಿಸಿಕೊಳ್ಳುವುದು. ಬಡಿದ ಜಾಗ ಮರಗಟ್ಟಿ ಸ್ವಲ್ಪ ಹೊತ್ತು ನೋವು ಗೊತ್ತಾಗುತ್ತಿರಲಿಲ್ಲ. ಅಷ್ಟಕ್ಕೇ ಜನ ಮರಳು ಉದುರಿತೆಂದು ನಂಬುತ್ತಿದ್ದರು. ಬಡಿಸಿಕೊಳ್ಳುವಾಗ ಕೂಗಿದರೆ ಅವಮಾನ.

ಕೊಡತಿ ಹಿಡಿಯುತ್ತಿದ್ದವನು ಗರಡಿಯ ಮುದ್ದಜೆಟ್ಟಿ. ಅವನ ಬಲ ಹೆಗಲೂ ಸೆಟೆದಿತ್ತು. ತಾಯಿತಂದೆ ಇಲ್ಲದ ಅವನನ್ನು ಸಾಕಿದವಳು ಅಕ್ಕ ಚೆನ್ನಾಜಮ್ಮ. ಒಂದು ಸೋಮವಾರ ಅವಳು ಅವನ ಮುಂದೆ ಎರಡೂ ಕಾಲು ಚಾಚಿ ಕೂತಳು.

"ಜೋರಾಗಿ ಬಡಿಯೋ. ಊರಿಗೆಲ್ಲ ಜೆಟ್ಟಿ, ಅಕ್ಕನ ಮುಂದೆ ಹತ್ತಿ ಬಿಡಿಸ್ತೀಯಾ?"

ಅವನು ನಕ್ಕು ಅವಳ ಮಂಡಿಗೆ ಜೋರಾಗಿ ಬಡಿದ. ಒಣಕಡ್ಡಿ ಮುರಿದಂಥ ಸದ್ದಾಯಿತು. ಅಕ್ಕ ಕೂಗಲಿಲ್ಲ. "ಹೋಯ್ತು ಬಿಡು ನೋವು," ಎಂದಳು.

ಮರುದಿನ ಅವಳು ಏಳಲಿಲ್ಲ. ತಿಂಗಳಾದರೂ ಏಳಲಿಲ್ಲ. ಹಾಸಿಗೆಯ ಮೇಲೆ ಕೂತೇ ಸೊಪ್ಪು ಬಿಡಿಸುತ್ತಿದ್ದಳು.

"ಇದು ಕೀಲ್ಗಳ್ಳನದೇ ಕೆಲಸ ಅಕ್ಕ. ಅವನನ್ನು ಮುಗಿಸಿ ಬರ್ತೀನಿ. ಆಮೇಲೆ ನೀನು ನಡೀತೀಯ."

ಅವಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಹೋಗಿ ಬಾ," ಎಂದಳು.

ಬೋಳುಗುಡ್ಡದ ಬುಡದಲ್ಲಿ ಒಂದು ಕೆರೆ. ದಡದಲ್ಲಿ ತುಂಗಜ್ಜಿಯ ಗುಡಿಸಲು. ಕೀಲ್ಗಳ್ಳನ ಗವಿಯಿಂದ ಜೀವಸಹಿತ ಮರಳಿದವಳು ಅವಳೊಬ್ಬಳೇ. ತೊಂಬತ್ತರ ಮುದುಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅದನ್ನು ಕಂಡು ಮುದ್ದಜೆಟ್ಟಿ ಬೆರಗಾದ, ತಾನು ಬಂದ ಕಾರಣ ಹೇಳಿದ.

"ಆ ಹೆಗಲು ಇಟ್ಟುಕೊಂಡು ಕೀಲ್ಗಳ್ಳನ ಹತ್ತಿರ ಹೋಗ್ತೀಯಾ?" ಅಜ್ಜಿ ಕೇಳಿದಳು. "ಹೊರಗರಡಿ ಬೇಕಾದಷ್ಟು ಮಾಡಿದೀಯ. ಒಳಗರಡಿ ಗೊತ್ತಾ?"

"ಹಾಗಂದರೇನಜ್ಜಿ?"

"ಕೆರೆಗೆ ಇಳಿ. ಹೇಳ್ತೀನಿ."

ಮೊದಲ ಪರೀಕ್ಷೆ ಕೆರೆಯಲ್ಲಿ. ಮಂಡಿಯುದ್ದ ನೀರಿನಲ್ಲಿ ನಿಂತು, ಉಸಿರು ಏರಿದಂತೆ ಕೈ ಏರಿಸಬೇಕು, ಉಸಿರು ಇಳಿದಂತೆ ಕೈ ಇಳಿಸಬೇಕು. ನೀರು ಅಲುಗಬಾರದು. ಪಕ್ಕದಲ್ಲೊಂದು ಬೆಳ್ಳಕ್ಕಿ ನಿಂತಿತ್ತು. ಅದಕ್ಕೆ ಮಾತು ಬರುತ್ತಿತ್ತು.

"ಎಮ್ಮೆ ಇಳಿದರೂ ಇಷ್ಟು ಕದಡಲ್ಲ," ಎಂದಿತು ಬೆಳ್ಳಕ್ಕಿ. "ನಿನ್ನಿಂದ ನನಗೆ ಇವತ್ತೂ ಉಪವಾಸ."

ಮುದ್ದಜೆಟ್ಟಿ ಹಲ್ಲು ಕಚ್ಚಿ ಕೈ ಎತ್ತಿದ. ಹೆಗಲು ಚುಚ್ಚಿತು. ನೀರು ನಡುಗಿತು.

"ಹಲ್ಲು ಯಾಕೋ ಕಚ್ತೀಯ?" ಅಜ್ಜಿ ದಡದಿಂದ ಕೂಗಿದಳು. "ನೋವಿನ ಜೊತೆ ಕುಸ್ತಿ ಬೇಡ ಮಗಾ. ಎಲ್ಲಿ ನೋಯುತ್ತೋ ಅದಕ್ಕಿಂತ ಒಂದು ಬೆರಳು ಈಚೆಗೆ ನಿಲ್ಲಿಸು. ಉಸಿರು ಬಿಡು. ನಾಳೆ ಅದೇ ದಾರಿ ಕೊಡುತ್ತೆ."

ಒಂದೊಂದು ದಿನ ಒಂದೊಂದು ಕೂದಲೆಳೆಯಷ್ಟು ದಾರಿ ಸಿಕ್ಕಿತು. ನಾಲ್ಕನೆಯ ತಿಂಗಳು ಅವನ ಕೈ ಕಿವಿಯ ತನಕ ಏರಿತು. ನೀರು ಅಲುಗಲಿಲ್ಲ. ಮೀನೊಂದು ಅವನ ಕಾಲುಗಳ ನಡುವೆ ಬಂದಿತು, ಬೆಳ್ಳಕ್ಕಿ ಅದನ್ನು ತಿಂದು ಹಾರಿಹೋಯಿತು.

ಎರಡನೆಯ ಪರೀಕ್ಷೆ ಗುಡ್ಡದ ಕಣಿವೆಯಲ್ಲಿ. ಅಲ್ಲಿ ಕಲ್ಲಿನ ಗೂಳಿಯೊಂದು ದಾರಿಗೆ ಅಡ್ಡ ನಿಂತಿತ್ತು. ಎಷ್ಟು ನೂಕಿದರೆ ಅಷ್ಟೇ ನೂಕುತ್ತಿತ್ತು. ಮುದ್ದಜೆಟ್ಟಿ ಮೂರು ಸಲ ನೂಕಿ ಮೂರು ಸಲ ಮುಳ್ಳುಪೊದೆಗೆ ಬಿದ್ದ. ನಾಲ್ಕನೆಯ ಸಲ ಅಂಗೈಯನ್ನು ಸುಮ್ಮನೆ ಅದರ ಹಣೆಗೆ ತಾಗಿಸಿದ. ಪಾದಕ್ಕೆ ಭಾರ ಇಳಿಬಿಟ್ಟು, ಗೂಳಿ ನೂಕಿದ ಕಡೆಗೇ ಸೊಂಟ ತಿರುಗಿಸಿದ. ಗೂಳಿ ಅವನನ್ನು ದಾಟಿ ಮುಂದೆ ಹೋಗಿ ಮೇಯತೊಡಗಿತು.

ಅಜ್ಜಿ ಹಿಂದಿನಿಂದ ಬಂದಳು. "ಇನ್ನು ಕೇಳು. ಕೀಲ್ಗಳ್ಳನ ಹೊಟ್ಟೆ ತುಂಬೋದು ಏಟಿನಿಂದ. ಎಲ್ಲಿ ಏಟು ಬೀಳುತ್ತೋ ಅಲ್ಲಿಂದ ಜಿಡ್ಡು ಅವನ ಗಡಿಗೆಗೆ ಇಳಿಯುತ್ತೆ. ನಿಮ್ಮ ಊರಲ್ಲಿ ಅವನಿಗೆ ಪ್ರತಿ ಸೋಮವಾರ ಹಬ್ಬ."

"ಹಾಗಾದರೆ ನನ್ನ ಅಕ್ಕನ ಮಂಡಿ?"

ಅಜ್ಜಿ ಅವನ ಅಂಗೈಗಳನ್ನು ನೋಡಿದಳು. ಮುದ್ದಜೆಟ್ಟಿ ಅಲ್ಲೇ ಕಲ್ಲಿನ ಮೇಲೆ ಕೂತ. ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಎದ್ದು ಗವಿಗೆ ಹೋದ.

ಗವಿಯೊಳಗೆ ಕೀಲ್ಗಳ್ಳ ಇರಲಿಲ್ಲ. ಅಕ್ಕ ಕೂತಿದ್ದಳು, ಎರಡೂ ಕಾಲು ಚಾಚಿ. ಪಕ್ಕದಲ್ಲಿ ಕೊಡತಿ ಇತ್ತು.

"ಬಂದೆಯಾ ಮುದ್ದಾ? ಒಂದೇ ಏಟು ಹಾಕೋ. ನೋವು ತಡೆಯೋಕಾಗ್ತಿಲ್ಲ."

ಇದು ಮಾಯೆಯೆಂದು ಅವನಿಗೆ ಗೊತ್ತಿತ್ತು. ಆದರೂ ಕಣ್ಣು ತುಂಬಿತು. ಮಾಯೆಯ ತಲೆಯನ್ನು ಕೊಡತಿಯಿಂದ ಒಡೆಯಬೇಕೆನ್ನುವಷ್ಟು ಸಿಟ್ಟೂ ಬಂತು. ಆದರೆ ಯಾವ ಏಟಾದರೂ ಕೀಲ್ಗಳ್ಳನಿಗೆ ಊಟವೇ. ಅವನು ಉಸಿರು ಬಿಟ್ಟ. ನೆಲಕ್ಕೆ ಕೂತು ಎರಡೂ ಅಂಗೈಗಳನ್ನು ಆ ಮಂಡಿಗಳ ಮೇಲೆ ಮೆಲ್ಲಗೆ ಇಟ್ಟ.

"ಹೊಡೆಯೋ!" ಅಕ್ಕನ ಬಾಯಿಂದ ಗಂಡಸಿನ ದನಿ ಬಂತು. "ಹೊಡೆಯೋ ಹೇಡಿ!"

ರೂಪ ಕಳಚಿತು. ಕೀಲ್ಗಳ್ಳ ತಾನೇ ಕೊಡತಿ ಎತ್ತಿ ಅವನ ಮೇಲೆ ಬಿದ್ದ. ಮುದ್ದಜೆಟ್ಟಿ ಸೊಂಟ ತಿರುಗಿಸಿದ, ಅಷ್ಟೇ. ಕೀಲ್ಗಳ್ಳ ತನ್ನ ರಭಸಕ್ಕೆ ತಾನೇ ಮುಗ್ಗರಿಸಿ ಜಿಡ್ಡಿನ ಗಡಿಗೆಗಳ ಮೇಲೆ ಬಿದ್ದ. ಗಡಿಗೆಗಳು ಒಡೆದವು. ಇನ್ನೂರು ವರ್ಷದ ಮುಪ್ಪು ಒಂದೇ ಸಲಕ್ಕೆ ಅವನ ಕೀಲುಗಳಿಗೆ ಬಂತು. ಅವನು ಸೆಟೆದು, ಬಿರಿದು, ಒಂದು ರಾಶಿ ಮರಳಾದ.

ಮುದ್ದಜೆಟ್ಟಿ ಊರಿಗೆ ಓಡಿಬಂದ. ಬೀದಿಬೀದಿಯಲ್ಲಿ ಮುದುಕರು ಚಕ್ಕಳಮಕ್ಕಳ ಹಾಕಿ ಕೂತು ನಗುತ್ತಿದ್ದರು. ರಾಜ ಅರಮನೆಯ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿಯುತ್ತಿದ್ದ. ಮುದ್ದಜೆಟ್ಟಿ ಮನೆಯ ಬಾಗಿಲು ತೆಗೆದ.

ಅಕ್ಕ ಹಾಸಿಗೆಯ ಮೇಲೇ ಇದ್ದಳು.

"ಬೆರಳು ಹಗುರಾಗಿದೆ ಕಣೋ, ಕತ್ತೂ ತಿರುಗುತ್ತೆ," ಎಂದಳು. ಮಂಡಿಯ ಮಾತು ಎತ್ತಲಿಲ್ಲ.

ಅವನು ಅವಳ ಕಾಲ ಬಳಿ ಕುಸಿದ. "ನಿನ್ನ ಮಂಡಿ ಮುರಿದದ್ದು ಅವನಲ್ಲ ಅಕ್ಕ. ನಾನು."

"ಗೊತ್ತು. ಸದ್ದು ನನಗೂ ಕೇಳಿಸಿತ್ತಲ್ಲ."

"ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಮತ್ತೆ ತಲೆ ಎತ್ತುತ್ತಿದ್ದೆಯಾ? ನಾನು ಸಾಕಿದ ಹುಡುಗ ನೀನು."

ಅವನು ಬಹಳ ಹೊತ್ತು ಅತ್ತ. ಅವಳು ಅವನ ಬೆನ್ನು ಸವರಿದಳು.

ಹಂಸಗುಂದದವರು ಕೊಡತಿಗಳನ್ನೆಲ್ಲ ಒಲೆಗೆ ಹಾಕಿದರು. ಕೆಲವು ಮುದುಕರು ಮಾತ್ರ ಸೋಮವಾರ ಬಂದರೆ ಅಭ್ಯಾಸಬಲದಿಂದ ಗರಡಿಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮುದ್ದಜೆಟ್ಟಿ ಅವರಿಗೆ ಉಸಿರಿನ ಜೊತೆ ಕೈ ಎತ್ತುವುದನ್ನು ಹೇಳಿಕೊಟ್ಟ.

ಮನೆಯಲ್ಲಿ ದಿನವೂ ಬೆಳಿಗ್ಗೆ ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದ. ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅವಳ ಉಸಿರಿಗೆ ಕಾದು, ಅಷ್ಟೇ ಅಷ್ಟು ಮಡಿಸಿ ಅಷ್ಟೇ ಅಷ್ಟು ಚಾಚುತ್ತಿದ್ದ. ಅವಳು ಮತ್ತೆ ನಡೆಯಲಿಲ್ಲ. ಆದರೆ ಮೂರನೆಯ ವರ್ಷ ಒಂದು ಬೆಳಿಗ್ಗೆ ಮಂಡಿ ಅವನ ಕೈಯ ನೆರವಿಲ್ಲದೆ ಒಂದು ಗೇಣು ಮಡಿಚಿಕೊಂಡಿತು.

"ನೋವು ಹೇಗಿದೆ ಅಕ್ಕ?"

ಅವಳು ಕಣ್ಣು ಮುಚ್ಚಿ ನೋಡಿಕೊಂಡಳು. "ಇದೆ. ಸ್ವಲ್ಪ ಪಕ್ಕಕ್ಕೆ ಸರಿದು ಕೂತಿದೆ. ನಿಲ್ಲಿಸಬೇಡ, ಇನ್ನೊಂದು ಸಲ."

ಅವನು ಅವಳ ಉಸಿರಿಗೆ ಕಾದ.