ಬಾಚಿಗನ ಹಿತ್ತಲ ಬಾಗಿಲು

ಕಲ್ಲುಗಳಿಗೂ ಕೆಲಸ ಗೊತ್ತಿದ್ದ ಕಾಲದಲ್ಲಿ ಶಿಖರಾವತಿ ಎಂಬ ರಾಜ್ಯವಿತ್ತು. ಅದನ್ನು ಲಕುಮಾದೇವಿ ಎಂಬ ರಾಣಿ ಆಳುತ್ತಿದ್ದಳು. ಅವಳ ಕೋಟೆಯ ನಡುವೆ ಆನೆಗಾತ್ರದ ಕಲ್ಲಿನ ಯಂತ್ರವೊಂದಿತ್ತು. ಎತ್ತು ಕಟ್ಟಬೇಕಿರಲಿಲ್ಲ, ಆಳು ತಿರುಗಿಸಬೇಕಿರಲಿಲ್ಲ, ಹೇಳಿದ ಕೆಲಸವನ್ನು ಅದು ತಾನೇ ಮಾಡುತ್ತಿತ್ತು. ಆದರೆ ಒಂದು ಸಲಕ್ಕೆ ಒಂದೇ ಕೆಲಸ. ಹಿಟ್ಟು ಬೀಸುವಾಗ ಕೋಟೆಗೆ ನೀರು ಏರುತ್ತಿರಲಿಲ್ಲ, ನೀರು ಏರುವಾಗ ಮಗ್ಗ ಆಡುತ್ತಿರಲಿಲ್ಲ.

ಆ ಊರಿನಲ್ಲಿ ಬಾಚಿಗ ಎಂಬ ತರುಣನಿದ್ದ. ಅವನಿಗೆ ಒಂದು ಮಂತ್ರ ಒಲಿದಿತ್ತು. ಅದನ್ನು ಹೇಳಿದರೆ ಆ ಒಂದೇ ಕಲ್ಲಿನೊಳಗೆ ಹಲವು ಮಾಯಾಯಂತ್ರಗಳು ಎದ್ದು ನಿಲ್ಲುತ್ತಿದ್ದವು. ಅವು ಕೈಗೆ ಸಿಗುತ್ತಿರಲಿಲ್ಲ, ಆದರೆ ಮಾಡುವ ಕೆಲಸ ನಿಜದ್ದೇ. ಪ್ರತಿಯೊಂದೂ ತಾನೇ ಇಡೀ ಕಲ್ಲು ಎಂದು ನಂಬಿತ್ತು. ಅವುಗಳೊಳಗೆ ಬಾಚಿಗ ಭರಣಿಗಳನ್ನು ಸಾಲಾಗಿ ಇಟ್ಟ. ಒಂದು ಭರಣಿಯಲ್ಲಿ ಬೀಸುವ ಕೆಲಸ, ಒಂದರಲ್ಲಿ ನೇಯುವ ಕೆಲಸ, ಒಂದರಲ್ಲಿ ನೀರೆತ್ತುವ ಕೆಲಸ. ಒಂದು ಒಡೆದರೆ ಪಕ್ಕದ್ದಕ್ಕೆ ಏನೂ ಆಗುತ್ತಿರಲಿಲ್ಲ. ಯಂತ್ರಯಂತ್ರಗಳ ನಡುವೆ ಬೆಳಕಿನ ಎಳೆಯಿಂದ ದಾರಿ ಕಟ್ಟಿದ. ಒಂದೊಂದಕ್ಕೂ ಬೇರೆ ಹೆಸರಿಟ್ಟ. ಹೆಸರು ಹಿಡಿದು ಕರೆದರೆ ಆ ಯಂತ್ರವೇ ಓಗೊಡುತ್ತಿತ್ತು. ಊರಿನ ಮನೆಮನೆಗೂ ಒಂದು ಮಾತಿನ ಭರಣಿ ಕೊಟ್ಟು ಅಲ್ಲಿಗೂ ಎಳೆ ಎಳೆದ. ಅದರ ಬಾಯಿಗೆ "ನೀರು ಬೇಕು" ಎಂದರೆ ಬಾಗಿಲಿಗೆ ನೀರು ಬರುತ್ತಿತ್ತು.

ದಾರಿಗಳಿಗೆ ಬಾಗಿಲುಗಳಿದ್ದವು. ಬಾಗಿಲು ಕಾಯಲು ಕೇತವ್ವ ಎಂಬ ಹಿರಿಯಳಿದ್ದಳು. ತಾಯಿಯಿಲ್ಲದ ಬಾಚಿಗನಿಗೆ ಬುತ್ತಿ ಕಟ್ಟಿ ತರುತ್ತಿದ್ದವಳೂ ಅವಳೇ.

ದಿನಾ ಕೋಟೆ ಹತ್ತುವುದು ಬಾಚಿಗನಿಗೆ ಬೇಸರ ತಂದಿತು. ಮನೆಯಲ್ಲಿ ಕುಳಿತೇ ಯಂತ್ರಗಳನ್ನು ನೋಡಿಕೊಳ್ಳಲು ತನ್ನ ಹಿತ್ತಲಿನಿಂದ ಒಂದು ಬಾಗಿಲು ಮಾಡಿಕೊಂಡ. ಕೇತವ್ವನಿಗೆ ಹೇಳಲಿಲ್ಲ. ಬೀಗದ ಮಂತ್ರ ಉದ್ದವಾಗಿತ್ತು. ನಾಳೆ ಹಾಕಿದರಾಯಿತು ಎಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ.

ಆ ಬಾಗಿಲಿನಿಂದ ಧೂಮಕ ಎಂಬ ಮಾಂತ್ರಿಕ ಒಳಗೆ ಬಂದ. ಬಂದವನೇ ಕಲ್ಲಿನೊಳಗೆ ತನ್ನ ಯಂತ್ರಗಳನ್ನು ಒಂದರ ಮೇಲೊಂದು ಎಬ್ಬಿಸಿ, ಹೊಗೆಯಿಂದ ಸೈನ್ಯ ನೇಯತೊಡಗಿದ. ಕಲ್ಲು ಕಾದು ಕೆಂಪಾಯಿತು. ಊರಿನ ಭರಣಿಗಳಿಗೆ ಬಲ ಸಾಲದಾಯಿತು. ಹಿಟ್ಟು ನಿಂತಿತು, ಬಟ್ಟೆ ನಿಂತಿತು, ಕೊನೆಗೆ ನೀರೂ ನಿಂತಿತು. ತಾಯಂದಿರು ಒದ್ದೆ ಬಟ್ಟೆ ಹಿಂಡಿ ಮಕ್ಕಳ ತುಟಿಗೆ ಹಚ್ಚಿದರು.

ರಾಣಿ ಸಭೆ ಕರೆದಳು.

"ಬಾಗಿಲು ಕಾಯುವವಳು ನೀನು. ಕಳ್ಳ ಒಳಗೆ ಹೇಗೆ ಬಂದ?" ಎಂದು ಕೇತವ್ವನನ್ನು ಕೇಳಿದಳು.

"ನಾನು ಕಾಯೋ ಬಾಗಿಲೆಲ್ಲ ಮುಚ್ಚೇ ಇದಾವೆ ತಾಯಿ. ಕಟ್ಟಿದವನು ಬಾಚಿಗ. ಬೇರೆ ಬಾಗಿಲು ಇದ್ದರೆ ಅವನಿಗೆ ಗೊತ್ತಿರುತ್ತೆ."

ರಾಣಿ ಬಾಚಿಗನ ಕಡೆ ತಿರುಗಿದಳು. "ಬೇರೆ ಬಾಗಿಲಿದೆಯೇನಪ್ಪಾ?"

ಹೇಳಬೇಕೆಂದು ಅವನು ಬಾಯಿ ತೆರೆದ. ಸಭೆಯ ತುಂಬ ಅವನನ್ನು ಹೊಗಳಿದ ಮುಖಗಳಿದ್ದವು. "ಇಲ್ಲ ಮಹಾರಾಣಿ," ಎಂದ.

ಕೇತವ್ವ ಕೂಗಾಡಲಿಲ್ಲ. ಅವನನ್ನೇ ನೋಡುತ್ತ ನಿಂತಳು. ಅವನು ನೆಲ ನೋಡಿದ. ತಪ್ಪು ಕೇತವ್ವನದೇ ಎಂದು ರಾಣಿ ಅವಳನ್ನು ಕೋಟೆಯಾಚೆಯ ಬೂದಿಬಯಲಿಗೆ ಅಟ್ಟಿದಳು. ಅದೇ ಸಭೆಯಲ್ಲಿ ರಾಣಿ ಬಾಚಿಗನ ಹೆಗಲಿಗೆ ಜರಿಯ ಶಾಲು ಹೊದಿಸಿ, "ಧೂಮಕನನ್ನು ಓಡಿಸಿ ಬಾ. ನಮಗೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ," ಎಂದಳು. ಜನ ಕೈಮುಗಿದರು. ಅವನಿಗೆ ಮೈಯೆಲ್ಲ ಚೇಳು ಹರಿದಂತಾಯಿತು.

ಬಾಚಿಗ ಮಂತ್ರ ಹೇಳಿ ಹೆಬ್ಬೆರಳಷ್ಟಾಗಿ ಕಲ್ಲಿನೊಳಗೆ ಹೋದ.

ಬೀಸುವ ಯಂತ್ರದಲ್ಲಿ ಧೂಮಕ ಕಾವಲಿಟ್ಟ ಬೆಂಕಿಯ ಹುಲಿ ಕೂತಿತ್ತು. ಬಾಚಿಗ ಪಕ್ಕದಲ್ಲಿ ಹೊಸ ಯಂತ್ರವೊಂದನ್ನು ಎಬ್ಬಿಸಿ, ಭರಣಿಗಳನ್ನು ಒಂದೊಂದಾಗಿ ಅಲ್ಲಿಗೆ ಸಾಗಿಸಿದ. ಹಳೆಯ ಯಂತ್ರವನ್ನು ಹುಲಿಯ ಸಮೇತ ಅಳಿಸತೊಡಗಿದ. ಕರಗುತ್ತ ಹುಲಿ ಕೇಳಿತು, "ನಮ್ಮನ್ನು ಒಳಗೆ ಬಿಟ್ಟವರು ಯಾರು?"

"ನನಗೆ ಗೊತ್ತಿಲ್ಲ," ಎಂದ ಬಾಚಿಗ. ಹೆಗಲ ಮೇಲಿನ ಶಾಲು ನೆನೆದ ಕಂಬಳಿಯಷ್ಟು ಭಾರವಾಯಿತು.

ನೇಯುವ ಯಂತ್ರದಲ್ಲಿ ಅವನದೇ ಕಾವಲಿನ ಎರಡು ತಲೆಯ ಹದ್ದು ಕೂತಿತ್ತು. ಅದು ಯಂತ್ರದ ಹೆಸರನ್ನೇ ತಾನೂ ಇಟ್ಟುಕೊಂಡಿತ್ತು. ಯಂತ್ರವನ್ನು ಕರೆದರೆ ಹದ್ದು ಓಗೊಟ್ಟು, ಬಂದ ಮಾತನ್ನೆಲ್ಲ ನುಂಗುತ್ತಿತ್ತು. ಬಾಚಿಗ ಯಂತ್ರದ ಕಿವಿಯಲ್ಲಿ ಹೊಸ ಹೆಸರು ಉಸುರಿದ. ಆಮೇಲೆ ಹಳೆಯ ಹೆಸರು ಹಿಡಿದು ಜೋರಾಗಿ ಕೂಗಿದ. ನನ್ನನ್ನು ಕರೆದದ್ದು, ನನ್ನನ್ನು ಕರೆದದ್ದು ಎಂದು ಎರಡು ತಲೆಗಳೂ ಒಂದನ್ನೊಂದು ಕುಕ್ಕಿಕೊಂಡವು. ಬೀಳುತ್ತ ಹದ್ದು ಕೇಳಿತು, "ನಮ್ಮನ್ನು ಒಳಗೆ ಬಿಟ್ಟವರು ಯಾರು?"

"ಬಾಗಿಲು ಕಾಯುವವಳು ಬಿಟ್ಟಳು," ಎಂದ ಬಾಚಿಗ.

ಕೇಳುವವರು ಯಾರೂ ಇಲ್ಲದ ಕಡೆಯೂ ಅವನ ಬಾಯಿಂದ ಆ ಮಾತು ತಾನಾಗಿ ಬಂತು. ಶಾಲು ಬೀಸುಕಲ್ಲಿನಷ್ಟು ಭಾರವಾಯಿತು. ಅವನು ಬಾಗಿಕೊಂಡೇ ಮುಂದೆ ನಡೆದ.

ನೀರೆತ್ತುವ ಯಂತ್ರದಲ್ಲಿ ಧೂಮಕನೇ ಕೂತಿದ್ದ.

"ಬಾಪ್ಪಾ, ಬಾ," ಎಂದು ಅವನು ನಕ್ಕ. "ನಿನ್ನ ಹಿತ್ತಲ ಬಾಗಿಲು ಚೆನ್ನಾಗಿತ್ತು. ನಮ್ಮಿಬ್ಬರಿಗೆ ಜಗಳ ಯಾಕೆ? ಇವತ್ತು ನಾನು ಹೋಗ್ತೀನಿ. ಊರು ನಿನ್ನನ್ನ ಹೊತ್ತು ಮೆರೆಸಲಿ. ಬಾಗಿಲು ಮಾತ್ರ ಹಾಗೇ ಇರಲಿ. ಬೇಕೆಂದಾಗ ಬಂದು ಹೋಗ್ತೀನಿ."

"ಮುಚ್ಚಿದರೆ?"

"ಮುಚ್ಚಿದರೆ ನನ್ನ ಬಲವೆಲ್ಲ ಹೊರಗೇ ಉಳಿಯುತ್ತೆ, ನಾನು ಹಿಡಿ ಹೊಗೆ. ಆದರೆ ಬೀಗದ ಮಂತ್ರ ನಿನಗೆ ಗೊತ್ತಲ್ಲ. ಮಾಡಿದವನ ಹೆಸರು, ಮಾಡಿದ ಕಾರಣ, ಎರಡನ್ನೂ ಹೇಳಬೇಕು. ಹೇಳಿದ್ದು ಎಲ್ಲ ಎಳೆಗಳಲ್ಲೂ ಹರಿದು ಎಲ್ಲ ಮನೆಗಳಿಗೂ ಕೇಳಿಸುತ್ತೆ. ಬೇಡಪ್ಪ, ಯಾಕೆ ಮಾನ ಕಳ್ಕೋತೀಯ."

ಬಾಚಿಗನಿಗೆ ಆ ಮಾತು ಹಿತವೆನಿಸಿತು. ಹಿತವೆನಿಸಿತಲ್ಲ ಎಂದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬತ್ತಿದ ಭರಣಿಯ ಆಚೆಯಿಂದ ಯಾವುದೋ ಮನೆಯ ಮಗುವೊಂದು "ನೀರು ಬೇಕು, ನೀರು ಬೇಕು" ಎನ್ನುತ್ತಿತ್ತು. ಅವನು ಶಾಲು ಕಳಚಿ ಕೆಳಗೆ ಹಾಕಿದ. ಕಣ್ಣು ಮುಚ್ಚಿ ಆ ಉದ್ದದ ಬೀಗದ ಮಂತ್ರ ಶುರುಮಾಡಿ, ಹೆಸರು ಮತ್ತು ಕಾರಣ ಹೇಳುವ ಕಡೆಗೆ ಬಂದ.

"ಈ ಬಾಗಿಲು ಮಾಡಿದವನು ಬಾಚಿಗ. ಕೋಟೆ ಹತ್ತಲು ಬೇಸರಪಟ್ಟು ಮಾಡಿದೆ. ಸೋಮಾರಿತನದಿಂದ ಬೀಗ ಹಾಕಲಿಲ್ಲ. ಸಭೆಯಲ್ಲಿ ಸುಳ್ಳು ಹೇಳಿದೆ. ಕೇತವ್ವ ತಪ್ಪು ಮಾಡಿಲ್ಲ."

ಕೊನೆಯ ಎರಡು ಮಾತು ಮಂತ್ರದಲ್ಲಿ ಇರಲಿಲ್ಲ. ಊರಿನ ಪ್ರತಿ ಮನೆಯ ಭರಣಿಯೂ ಅದೆಲ್ಲವನ್ನೂ ಅವನದೇ ದನಿಯಲ್ಲಿ ನುಡಿಯಿತು. ಬಾಗಿಲು ಮುಚ್ಚಿತು, ಬೀಗ ಬಿತ್ತು. ಧೂಮಕನ ಯಂತ್ರಗಳೂ ಸೈನ್ಯವೂ ಕರಗಿದವು, ಅವನು ಹಿಡಿ ಹೊಗೆಯಾದ. ಬಾಚಿಗ ಆ ಹೊಗೆಯನ್ನು ಖಾಲಿ ಭರಣಿಗೆ ತುಂಬಿ ಮುಚ್ಚಳ ಬಿಗಿದ. ಕಲ್ಲು ತಣ್ಣಗಾಯಿತು, ನೀರು ಏರಿತು.

ಹೊರಗೆ ಬಂದಾಗ ಯಾರೂ ಬೈಯಲಿಲ್ಲ. ಜನ ಕೊಡ ತುಂಬಿಕೊಳ್ಳುತ್ತ ಅವನಿಗೆ ದಾರಿ ಬಿಟ್ಟರು. ಅದೇ ಅವನಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ರಾಣಿ ಅವನ ಬರಿಯ ಹೆಗಲು ನೋಡಿ, "ಅವಳನ್ನು ಅಟ್ಟಿದವಳು ನಾನು. ಕರೆತರುವವನು ನೀನು. ನಡೆ," ಎಂದಳು.

ಬೂದಿಬಯಲಿನಲ್ಲಿ ಕೇತವ್ವ ಮುಳ್ಳುಪೊದೆಯ ನೆರಳಿಗೆ ಕೂತಿದ್ದಳು. ಬಾಚಿಗ ನೀರಿನ ಚೊಂಬು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಅವಳು ಚೊಂಬೆತ್ತಿ ನೀರು ಕುಡಿದು ಮುಗಿಸಿದಳು.

"ಸಭೇಲಿ ನಿನ್ನ ಮುಖಾನೇ ನೋಡ್ತಾ ಇದ್ದೆ ತಮ್ಮಾ," ಎಂದಳು ಆಮೇಲೆ. "ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ."

"ಕ್ಷಮಿಸು ಅನ್ನೋಕೂ ನನಗೆ ಬಾಯಿಲ್ಲ ಅವ್ವಾ."

"ಅನ್ನಬೇಡ. ಇವತ್ತು ನಾನೂ ಕ್ಷಮಿಸಲ್ಲ. ಏಳು, ಹೋಗೋಣ."

ಅವಳು ಮುಂದೆ, ಅವನು ಹಿಂದೆ. ಕೋಟೆಯ ಬಾಗಿಲಲ್ಲಿ ಜನ ನೆರೆದಿದ್ದರು. ಅವರನ್ನು ಕಂಡು ಬಾಚಿಗನ ಹೆಜ್ಜೆ ನಿಂತಿತು. ಕೇತವ್ವ ತಿರುಗಿ ನೋಡಿದಳು.

"ಪಕ್ಕಕ್ಕೆ ಬಾ. ಹಿಂದೆ ಹಿಂದೆ ಬಂದರೆ ನಿನ್ನನ್ನ ನಾನು ಎಳ್ಕೊಂಡು ಬಂದೆ ಅಂತಾರೆ. ನೀನಾಗಿ ಬಂದಿದೀಯ. ತಲೆ ಎತ್ತೋಕಾಗದಿದ್ದರೆ ಬಗ್ಗಿಸ್ಕೊಂಡೇ ನಡಿ."

ಅವನು ತಲೆ ಬಗ್ಗಿಸಿಕೊಂಡೇ ಅವಳ ಪಕ್ಕ ನಡೆದ. ಅಂದಿನಿಂದ ಶಿಖರಾವತಿಯಲ್ಲಿ ಹಿಟ್ಟಿಗೆ, ಬಟ್ಟೆಗೆ, ನೀರಿಗೆ ಯಾರೂ ಕಷ್ಟಪಡಲಿಲ್ಲ. ಊರೆಲ್ಲ ಸುಖವಾಗಿತ್ತು. ಎಲ್ಲರಿಗಿಂತ ತಡವಾಗಿ, ಬಾಚಿಗನೂ ಸುಖಿಯಾದ.