ಸಾಲ್ವಿಯಾ ಪಾತಿ ಹೂ ಬಿಡಲಿಲ್ಲ

ಕೆರೆ ಏರಿಯ ಮೇಲೆ ಬೈಕು ನಿಂತಿತ್ತು. ಬೀಗದ ಕೈ ಅದರಲ್ಲೇ ಇತ್ತು. ಕೆಳಗೆ ನೀರಿನ ಅಂಚಿನಲ್ಲಿ ಒಂದು ಚಪ್ಪಲಿ. ಅದರ ಜೋಡಿ ಕಾಣಲಿಲ್ಲ. ಪಕ್ಕದ ಕಲ್ಲಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

ದೇವನೂರಿನ ಹತ್ತಿರದ ಆ ಕೆರೆಗೆ ಬೆಳಿಗ್ಗೆ ಬಲೆ ಬೀಸಲು ಬಂದವರು ಇದನ್ನು ನೋಡಿ ಕಡೂರು ಠಾಣೆಗೆ ಫೋನ್ ಮಾಡಿದ್ದರು. ಸಬ್ ಇನ್‌ಸ್ಪೆಕ್ಟರ್ ಅನುಪಮಾ ಬರುವ ಹೊತ್ತಿಗೆ ಏರಿಯ ತುಂಬ ಜನ. ಹೆಣ ಯಾರಿಗೂ ಕಂಡಿರಲಿಲ್ಲ. ಆದರೂ ಎಲ್ಲರೂ ಕಣ್ಣಾರೆ ಕಂಡವರ ಹಾಗೆಯೇ ಮಾತಾಡುತ್ತಿದ್ದರು.

"ಯಾರ ಬೈಕು?"

"ಶಿವಕುಮಾರಂದು ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಈರಭದ್ರಪ್ಪ. "ಕಡೂರಲ್ಲಿ ಟೈಲ್ಸ್ ಅಂಗಡಿ ಇಟ್ಟವ್ನಲ್ಲ. ಅಜ್ಜಂಪುರದ ಆಕ್ಸಿಡೆಂಟ್ ಕೇಸು ನಡೀತೈತಲ್ಲ, ಅವ್ನೇ."

ಆ ಕೇಸು ಅನುಪಮಾಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅಜ್ಜಂಪುರದ ರಸ್ತೆಯಲ್ಲಿ ಶಿವಕುಮಾರನ ಕಾರು ಲಕ್ಕಣ್ಣ ಎಂಬ ಈರುಳ್ಳಿ ಬೆಳೆಗಾರನನ್ನು ಬಡಿದು ಕೊಂದಿತ್ತು. ನಿಲ್ಲಿಸದೆ ಹೊರಟುಹೋಗಿತ್ತು. ಕಾರಿನೊಳಗೆ ಇದ್ದವರು ಇಬ್ಬರು. ಒಬ್ಬ ಶಿವಕುಮಾರ್, ಇನ್ನೊಬ್ಬ ಅವನ ಗೆಳೆಯ ಧರ್ಮೇಶ್. ಧರ್ಮೇಶ್ ಗೂಡ್ಸ್ ಗಾಡಿ ಇಟ್ಟುಕೊಂಡು ಬದುಕುವವನು. ಓಡಿಸಿದ್ದು ಅವನು ಎಂದು ಇವನು, ಇವನು ಎಂದು ಅವನು. ಗೆಳೆತನ ಅಲ್ಲಿಗೆ ಮುಗಿಯಿತು. ಹಿಂದಿನ ವಾರ ಕಡೂರಿನ ಹೋಟೆಲಿನಲ್ಲಿ ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡು ಹೊಡೆದಾಡಿದ್ದನ್ನು ಅರ್ಧ ಊರೇ ನೋಡಿತ್ತು.

ಮಧ್ಯಾಹ್ನದೊಳಗೆ ಧರ್ಮೇಶ್ ಸಿಕ್ಕಿಬಿದ್ದ. ಅವನ ಗಾಡಿಯ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಕಬ್ಬಿಣದ ರಾಡು. ರಾಡಿನ ತುದಿಯಲ್ಲಿ ರಕ್ತ.

"ರಾಜಿ ಮಾಡ್ಕೊಳಣ ಬಾ ಅಂತ ಅವ್ನೇ ಫೋನ್ ಮಾಡಿ ಕರ್ದ ಮೇಡಂ," ಎಂದ ಧರ್ಮೇಶ್. "ಕೆರೆ ತಾವ ಹೋದೆ. ಮಾತು ಸರಿ ಹೋಗ್ಲಿಲ್ಲ. ಬಂದ್ಬಿಟ್ಟೆ."

"ರಾಡು?"

"ನಂದಲ್ಲ. ನಾನು ಅತ್ಲಾಗೆ ಒಂದಕ್ಕೆ ಹೋಗಿದ್ದೆ. ಆವಾಗ ಇಟ್ಟಿರ್ಬೇಕು."

"ಅಲ್ಲಿದ್ದದ್ದು ನೀವಿಬ್ರೇ. ಹಾಗಾದ್ರೆ ಸತ್ತೋನೇ ಇಟ್ನಾ?"

"ಅವ್ನೇ ಇಟ್ಟಿರ್ಬೇಕು," ಎಂದ ಧರ್ಮೇಶ್.

ಈರಭದ್ರಪ್ಪ ಗೊಳ್ಳೆಂದು ನಕ್ಕ. ಅನುಪಮಾಗೂ ನಗು ಬಂತು. ರಕ್ತ ಶಿವಕುಮಾರನದೇ ಎಂದು ಲ್ಯಾಬಿನಿಂದ ವರದಿ ಬಂತು. ಧರ್ಮೇಶ್ ಜೈಲಿಗೆ ಹೋದ.

ಅಂದಿನಿಂದ ಅವನ ತಾಯಿ ಕಾಂತಮ್ಮ ದಿನಾ ಬಂದು ಠಾಣೆಯ ಮೆಟ್ಟಿಲ ಬಳಿ ಕೂರತೊಡಗಿದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಅನುಪಮಾ ಜೀಪಿನಿಂದ ಇಳಿದಾಗಲೆಲ್ಲ ಒಂದೇ ಪ್ರಶ್ನೆ. "ನನ್ ಮಗುನ್ನ ಯಾವಾಗ ಬಿಡ್ತೀಯವ್ವ?"

*

ಹೆಣ ಸಿಗಲಿಲ್ಲ. ಮುಳುಗು ಹಾಕುವವರು ಬಂದರು, ದೋಣಿ ಬಂತು, ಪಾತಾಳಗರಡಿ ಹಾಕಿ ಜಾಲಾಡಿದ್ದಾಯಿತು. ಸಿಕ್ಕಿದ್ದು ಹಳೇ ಟೈರು ಮತ್ತು ಯಾರೋ ಎಸೆದ ಹೊಲಿಗೆ ಯಂತ್ರ.

"ಹೂಳಲ್ಲಿ ಸಿಗಾಕ್ಕೊಂಡಿರ್ತದೆ ಬುಡಿ ಮೇಡಂ," ಎಂದ ಈರಭದ್ರಪ್ಪ.

"ತೇಲಿ ಬರಬೇಕಿತ್ತು ಕಣ್ರೀ."

"ಎಲ್ಲಾ ಹೆಣಾನೂ ನಾವ್ ಹೇಳ್ದಂಗೆ ಕೇಳ್ತವಾ?"

ಶಿವಕುಮಾರನಿಗೆ ಇದ್ದವಳು ಒಬ್ಬಳೇ ಅಕ್ಕ, ಗುರುಶಾಂತಮ್ಮ. ನಿವೃತ್ತ ಮೇಷ್ಟರಮ್ಮ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟ ಮಹಡಿ ಮನೆ. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಮ್ಮನನ್ನು ಎತ್ತಿ ಬೆಳೆಸಿದವಳು. ಸುದ್ದಿ ತಿಳಿಸಲು ಅನುಪಮಾ ಹೋದ ದಿನ ಆಕೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಿದ್ದಳು.

ಸಮಾಧಾನ ಹೇಳಲು ಮಾತು ತೋಚದೆ ಅನುಪಮಾ ಅಂದು ತೋಟದ ಮಾತು ತೆಗೆದಿದ್ದಳು. ಮನೆಯ ಸುತ್ತ ಬರೀ ಸಾಲ್ವಿಯಾ ಗಿಡಗಳು. ಗುರುಶಾಂತಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಪಾಠ ಒಪ್ಪಿಸಿದ್ದಳು.

"ಕೆಂಪು ಸಾಲ್ವಿಯಾ ನೀರು ಹಾಕಿದ್ರೆ ವರ್ಷವಿಡೀ ಬಿಡುತ್ತೆ. ನೀಲಿದು ಮಳೆ ನಿಂತ ಮೇಲೆ. ಈ ನೇರಳೆ ಇದೆಯಲ್ಲ, ಮೆಕ್ಸಿಕೋದ್ದು, ಇದೀಗ ಬರೀ ಎಲೆ. ದೀಪಾವಳಿ ಹೊತ್ತಿಗೆ ನೋಡಿ, ಮಖಮಲ್ ಬಟ್ಟೆ ಹಾಸಿದಂಗೆ ಇರುತ್ತೆ. ಒಂದು ವರ್ಷಾನೂ ತಪ್ಪಿಲ್ಲ."

ಪಾಪ ಎನ್ನಿಸಿತ್ತು ಅನುಪಮಾಗೆ. ದುಃಖದಲ್ಲಿ ಹಿಡಿದುಕೊಳ್ಳಲು ಮನುಷ್ಯರಿಗೆ ಏನಾದರೊಂದು ಬೇಕು.

*

ಸಂಶಯ ಎನ್ನುವುದು ಒಮ್ಮೆ ಹೊಕ್ಕರೆ ಊಟ ಮಾಡಲು ಬಿಡುವುದಿಲ್ಲ. ಧರ್ಮೇಶ್ ಕೊಂದಿಲ್ಲ ಎಂದರೆ ಮತ್ತೆ ಯಾರು? ಲಕ್ಕಣ್ಣನ ಮೈದುನ, ಅಂದರೆ ಹೆಂಡತಿಯ ತಮ್ಮ, ಕೋರ್ಟಿನ ಬಾಗಿಲಲ್ಲೇ "ನಿನ್ನ ಉಳ್ಸಲ್ಲ ಕಣೋ" ಎಂದು ಶಿವಕುಮಾರನಿಗೆ ಕೂಗಿ ಹೇಳಿದ್ದ. ಅನುಪಮಾ ಅಜ್ಜಂಪುರಕ್ಕೆ ಜೀಪು ತಿರುಗಿಸಿದಳು.

ಲಕ್ಕಣ್ಣನ ಹೆಂಡತಿ ದ್ಯಾಮಮ್ಮ ಅಂಗಳದಲ್ಲಿ ಈರುಳ್ಳಿ ಕೊಯ್ದು ಹರವುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

"ನಿಮ್ ತಮ್ಮ ಆವತ್ತು ಎಲ್ಲಿದ್ದ?"

"ದಾವಣಗೆರೆ ಮಂಡೀಲಿ. ಲೋಡ್ ತಗಂಡು ಹೋಗಿದ್ದ. ಕೇಳ್ಕಳಿ, ಹತ್ತು ಜನ ಹೇಳ್ತಾರೆ."

"ಶಿವಕುಮಾರ್ ಸತ್ತದ್ದಕ್ಕೆ ಸಮಾಧಾನ ಆಗಿರಬೇಕಲ್ಲ ನಿಮಗೆ?"

ದ್ಯಾಮಮ್ಮ ಕುಡುಗೋಲು ಕೆಳಗಿಟ್ಟಳು. "ಸತ್ತು ನಂಗೇನ್ ಕೊಟ್ಟ? ಜಡ್ಜ್ ಮುಂದೆ ನಿಂತು, ಹೂಂ, ನಾನೇ ಗುದ್ದಿದ್ದು, ನಿಲ್ಲಿಸ್ದೇ ಓಡೋದೆ ಅನ್ಬೇಕಿತ್ತು. ಅದನ್ನೂ ಹೇಳ್ದೇ ತಪ್ಪಿಸ್ಕಂಡ. ಭಾರಿ ಚಾಲಾಕಿ."

ಮಂಡಿಯಲ್ಲಿ ವಿಚಾರಿಸಿದಾಗ ಮೈದುನ ಅಲ್ಲಿದ್ದದ್ದು ನಿಜವೇ ಆಗಿತ್ತು. ಆ ದಾರಿ ಮುಚ್ಚಿತು. ಆದರೆ "ತಪ್ಪಿಸ್ಕಂಡ" ಎಂಬ ಮಾತು ಕಡೂರು ತಲುಪುವವರೆಗೂ ಅನುಪಮಾಳ ಕಿವಿಯಲ್ಲೇ ಉಳಿಯಿತು. ಶಿವಕುಮಾರ್ ಸತ್ತದ್ದರಿಂದ ಧರ್ಮೇಶನಿಗೆ ಬಂದದ್ದು ಜೈಲು. ಶಿವಕುಮಾರನಿಗೋ, ಕೇಸೇ ಇಲ್ಲ.

*

ಕಾರ್ತಿಕ ಬಂತು. ಚಾರ್ಜ್‌ಶೀಟ್ ಹಾಕುವ ಗಡುವು ಹತ್ತಿರವಾಯಿತು. ಹಾಕಿದರೆ ಧರ್ಮೇಶ್ ಕೊಲೆಗಾರ. ಆಮೇಲೆ ಎಷ್ಟು ವರ್ಷವೋ, ದೇವರಿಗೇ ಗೊತ್ತು. ಗುರುಶಾಂತಮ್ಮನ ಕೊನೆಯ ಹೇಳಿಕೆಗೆ ಸಹಿ ಬೇಕಿತ್ತು. ಅನುಪಮಾ ಈರಭದ್ರಪ್ಪನನ್ನು ಕರೆದುಕೊಂಡು ಹೊರಟಳು.

ಹಜಾರದಲ್ಲಿ ಶಿವಕುಮಾರನ ಫೋಟೋ ಇತ್ತು. ಹಾರ ಇರಲಿಲ್ಲ.

"ಹೆಣಾನೇ ಸಿಗದೆ ಹಾರ ಹೇಗೆ ಹಾಕ್ಲಿ?" ಎಂದಳು ಗುರುಶಾಂತಮ್ಮ, ಕೇಳುವ ಮೊದಲೇ.

ನ್ಯಾಯವಾದ ಮಾತೇ. ಆದರೆ ಕೇಳುವ ಮೊದಲೇ ಯಾಕೆ ಹೇಳಬೇಕು? ಅನುಪಮಾ ಸಹಿ ಹಾಕಿಸಿಕೊಂಡು ಎದ್ದಳು.

"ನಿಮ್ಮ ಮೆಕ್ಸಿಕೋದ್ದು ಹೂ ಬಿಡ್ತಾ ಮೇಷ್ಟರಮ್ಮ?"

ಗುರುಶಾಂತಮ್ಮನ ಮುಖ ಅರಳಿ, ಮತ್ತೆ ಬಾಡಿತು. "ಬಿಟ್ಟಿದೆ. ಆದ್ರೆ ಈ ವರ್ಷ ಮನೆ ಹಿಂದಿನ ಪಾತಿ ಕೈ ಕೊಟ್ಬಿಡ್ತು. ಬನ್ನಿ, ನೀವೇ ನೋಡಿ."

ಮನೆಯ ಮೂರು ಕಡೆಯೂ ನೇರಳೆ ಬಣ್ಣ ಸುರಿದಿತ್ತು. ಹಿಂದೆ, ಗುಡ್ಡದ ಕಡೆಯ ಉದ್ದನೆಯ ಪಾತಿಯಲ್ಲೂ ಎರಡು ತುದಿಗಳಲ್ಲಿ ಹೂವೋ ಹೂವು. ನಡುವೆ ಮಾತ್ರ ಬರೀ ಹಸಿರು. ಒಂದು ಮೊಗ್ಗಿಲ್ಲ. ಆ ಹಸಿರು ಭಾಗ ಮನೆಯ ಗೋಡೆಯ ಕಡೆ ಕಿರಿದಾಗಿ, ದೂರ ಹೋದಂತೆ ಮೊರದ ಹಾಗೆ ಅಗಲವಾಗಿತ್ತು.

"ಗೊಬ್ಬರ ಹಾಕ್ದೆ, ಬೇವಿನ ಹಿಂಡಿ ಹಾಕ್ದೆ. ಮಣ್ಣಿಗೇ ಏನೋ ಬಂದಿದೆ," ಎಂದು ಆಕೆ ನಿಜವಾಗಿಯೂ ಪೇಚಾಡಿಕೊಂಡಳು.

ಅನುಪಮಾ ಬಗ್ಗಿ ನೋಡಿದಳು. ಗಿಡಗಳು ಎದೆಯುದ್ದ ಬೆಳೆದಿದ್ದವು, ಎಲೆಯಲ್ಲಿ ಒಂದು ಚುಕ್ಕೆ ರೋಗವಿಲ್ಲ. ಅದೇ ಹಸಿರಿನ ಅಂಚಿಗೆ ಕೆಂಪು ಸಾಲ್ವಿಯಾ ಧಾರಾಳವಾಗಿ ಹೂ ಬಿಟ್ಟಿತ್ತು. ಮಣ್ಣು ಕೆಟ್ಟಿದ್ದರೆ ಕೆಂಪಿಗೂ ಕೆಡಬೇಕಿತ್ತು. ತಲೆ ಎತ್ತಿದಳು. ಮೊರದ ಕಿರಿದಾದ ಬದಿಯ ನೇರ ಮೇಲೆ, ಮಹಡಿಯ ಕೋಣೆಗೆ ಒಂದು ಗವಾಕ್ಷಿ. ಅದರ ಕೆಳಗಿನ ಕಿಟಕಿಗೆ ಒಳಗಿನಿಂದ ರಟ್ಟು ಬಡಿದಿತ್ತು.

ಅನುಪಮಾ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ.

"ಮೇಲಿನ ಕೋಣೆ ಯಾರದ್ದು?"

"ಸಾಮಾನು ತುಂಬಿದ್ದು. ಮಳೆಗಾಲದಿಂದ ಬೀಗ."

"ಲೈಟ್ ಹಾಕಿಟ್ಟಿರ್ತೀರೇನೋ, ಇಲಿ ಬರದಂಗೆ?"

"ಅಯ್ಯೋ, ಅಲ್ಲಿ ಬಲ್ಬೇ ಇಲ್ಲ," ಎಂದಳು ಗುರುಶಾಂತಮ್ಮ.

"ಹಾಗಾದ್ರೆ ಮಣ್ಣೇ ಇರಬೇಕು ಬಿಡಿ," ಎಂದು ಅನುಪಮಾ ಕೈ ಮುಗಿದು ಹೊರಟಳು.

*

ಜೀಪು ತಿರುವು ದಾಟಿ ನಿಂತಿತು. ಅನುಪಮಾ ತರೀಕೆರೆ ಠಾಣೆಗೆ ಫೋನ್ ಮಾಡಿ ಇಬ್ಬರನ್ನು ಕರೆಸಿಕೊಂಡಳು. ಸಂಜೆ ಕವಿಯುವಾಗ ನಾಲ್ವರೂ ಮನೆಯ ಹಿಂದಿನ ಗುಡ್ಡ ಹತ್ತಿದರು.

"ಒಂದು ಗಿಡ ಹೂ ಬಿಡ್ಲಿಲ್ಲ ಅಂತ ನನ್ ಮಂಡಿ ಮುರೀತಿದೀರಲ್ಲ ಮೇಡಂ," ಎಂದು ಈರಭದ್ರಪ್ಪ ಏದುಸಿರು ಬಿಟ್ಟ.

"ಸ್ವಲ್ಪ ಬಾಯ್ಮುಚ್ಕೊಂಡು ನೋಡ್ರೀ."

ಕತ್ತಲಾಯಿತು. ಬಲ್ಬೇ ಇಲ್ಲದ ಕೋಣೆಯ ಗವಾಕ್ಷಿಯಲ್ಲಿ ಬಿಳೀ ಬೆಳಕು ಹೊತ್ತಿಕೊಂಡಿತು. ಕೆಳಗಿನ ಪಾತಿಯ ಮೇಲೆ ಬಿತ್ತು. ಬಿದ್ದದ್ದು ಸರಿಯಾಗಿ ಆ ಮೊರದಷ್ಟೇ ಜಾಗದಲ್ಲಿ.

"ಅಯ್ಯೋ ಶಿವನೇ!" ಎಂದ ಈರಭದ್ರಪ್ಪ.

ಇಳಿದು ಬಂದು ಬಾಗಿಲು ತಟ್ಟಿದರು. ತೆಗೆದ ಗುರುಶಾಂತಮ್ಮ ಅಡ್ಡ ನಿಂತಳು. "ಮೇಲಿನ ಕೋಣೆ ಬೀಗದ ಕೈ ಕಳೆದುಹೋಗಿದೆ." ನಾಲ್ವರೂ ಅವಳನ್ನು ದಾಟಿ ಮಹಡಿಗೆ ಹೊರಟರು. ಮೆಟ್ಟಿಲ ಮೇಲೆ ಬೂಟಿನ ಸದ್ದಾಗುತ್ತಿದ್ದಂತೆ ಕೋಣೆಯ ಬಾಗಿಲು ಒಳಗಿನಿಂದಲೇ ತೆರೆಯಿತು.

ಗಡ್ಡ ಬಿಟ್ಟ, ಬಿಳಿಚಿಕೊಂಡ ಶಿವಕುಮಾರ್. ಎಡ ಮುಂಗೈಯಲ್ಲಿ ವಾಸಿಯಾದ ಗಾಯದ ಗೆರೆ. ಕಲ್ಲಿಗೆ, ರಾಡಿಗೆ ಬೇಕಾದ ರಕ್ತ ಅಲ್ಲಿಂದಲೇ ಬಂದಿತ್ತು. ಚಾಪೆಯ ಪಕ್ಕ ಕಟ್ಟಿಟ್ಟ ಬ್ಯಾಗು. ಚಾರ್ಜ್‌ಶೀಟ್ ಬಿದ್ದ ಮೇಲೆ ಗುಜರಾತಿನ ಟೈಲ್ಸ್ ಕಾರ್ಖಾನೆಗೆ ಹೋಗುವ ಯೋಚನೆ.

"ಸತ್ತೋರಿಗೆ ಲೈಟ್ ಯಾಕಪ್ಪಾ ಬೇಕು?" ಎಂದಳು ಅನುಪಮಾ.

ಅವನು ಅಕ್ಕನ ಕಡೆ ನೋಡಿದ. ಅಕ್ಕ ಅಲ್ಲೇ ಕುಸಿದು ಕೂತಿದ್ದಳು.

"ರಾತ್ರಿಯೆಲ್ಲ ಉರಿಸ್ತೀಯಲ್ಲ. ಬೆಳಕು ಕಂಡರೆ ಸಿಕ್ಕಿಬೀಳ್ತೀನಿ ಅನ್ನೋದು ಗೊತ್ತಿರ್ಲಿಲ್ವಾ?"

"ಗುಡ್ಡದ ಕಡೆ ಯಾರ್ ನೋಡ್ತಾರೆ ಅಂತ..." ಅವನು ತನ್ನ ಕೈಗಳನ್ನು ನೋಡಿಕೊಂಡ. "ಆರಿಸಿದ್ರೆ ಕಾಣ್ತಾನೆ ಮೇಡಂ ಆ ಲಕ್ಕಣ್ಣ. ಕಣ್ಣು ಮುಚ್ಚಿದ್ರೆ ಕೈ ಸ್ಟೇರಿಂಗ್ ಮೇಲೇ ಇರುತ್ತೆ. ತಿರುಗಿಸ್ತೀನಿ, ತಿರುಗಿಸ್ತೀನಿ, ತಿರುಗಲ್ಲ."

ಸ್ಟೇರಿಂಗ್ ಯಾರ ಕೈಯಲ್ಲಿತ್ತು ಎಂದು ಕೋರ್ಟು ತಿಂಗಳುಗಟ್ಟಲೆ ಕೇಳಿತ್ತು. ಉತ್ತರ ಈಗ ತಾನಾಗಿ ಬಂದಿತ್ತು.

"ಹೇಗೆ ಗೊತ್ತಾಯ್ತು?" ಎಂದು ಗುರುಶಾಂತಮ್ಮ ಕೇಳಿದಳು.

"ನಿಮ್ಮ ಗಿಡದಿಂದ. ನಮ್ಮಪ್ಪ ಬೀರೂರಿನ ಹತ್ರ ಸೇವಂತಿಗೆ ಬೆಳೀತಾರೆ. ಹೂ ಮುಂದಕ್ಕೆ ಹೋಗ್ಬೇಕು, ಹಬ್ಬಕ್ಕೇ ಸಿಗ್ಬೇಕು ಅಂದ್ರೆ ರಾತ್ರಿ ಹೊಲದ ತುಂಬ ಬಲ್ಬ್ ಉರಿಸ್ತಾರೆ. ಹಗಲು ಮೊಟಕಾಗಿ ರಾತ್ರಿ ಉದ್ದ ಆದಾಗ್ಲೇ ಅದು ಮೊಗ್ಗು ಕಟ್ಟೋದು. ಬೆಳಕಿದ್ರೆ ಗಿಡಕ್ಕೆ ರಾತ್ರಿ ಆದದ್ದೇ ತಿಳಿಯಲ್ಲ. ನಿಮ್ಮ ನೇರಳೇದೂ ಅದೇ ಸ್ವಭಾವ. ದೀಪಾವಳಿಗೆ ಅರಳೋದು ಅದಕ್ಕೇ. ಕೆಂಪಿಗೆ ಆ ಚಿಂತೆಯಿಲ್ಲ, ಅದಕ್ಕೇ ಅಲ್ಲೇ ಪಕ್ಕದಲ್ಲಿ ಹೂ ಬಿಟ್ಟಿದೆ. ಇಷ್ಟು ದಿನ ಬಿಡದೆ ಬೆಳಕು ಬಿದ್ದಿದೆ ಅಂದ್ರೆ ಒಳಗೆ ದಿನಾ ಯಾರೋ ಇದ್ದಾರೆ. ಬಲ್ಬೇ ಇಲ್ಲ ಅಂದ್ರಿ ನೋಡಿ, ಆವಾಗ ನೀವು ಬಚ್ಚಿಡ್ತಿದೀರಿ ಅಂತ ಗೊತ್ತಾಯ್ತು. ನೀವು ಬಚ್ಚಿಡೋದು ಇನ್ಯಾರನ್ನ?"

"ನಾನು ಎತ್ತಿ ಆಡಿಸಿದ ಕೂಸಮ್ಮ ಅದು."

"ಜೈಲಲ್ಲಿರೋನನ್ನೂ ಒಬ್ಬಳು ಎತ್ತಿ ಆಡಿಸಿದಾಳೆ."

ಗುರುಶಾಂತಮ್ಮ ಮುಖ ಮುಚ್ಚಿಕೊಂಡು ಅತ್ತಳು. ಈ ಸಲದ ಅಳು ಬೇರೆ ಥರ ಇತ್ತು.

*

ಧರ್ಮೇಶನ ಬಿಡುಗಡೆಗೆ ಕಾಗದಪತ್ರ ನಡೆಯಲು ಕೆಲವು ದಿನ ಹಿಡಿಯಿತು. ಬಿಟ್ಟ ಮೇಲೆ ಅವನು ಗಾಡಿ ಬಿಡಿಸಿಕೊಳ್ಳಲು ಕಡೂರು ಠಾಣೆಗೆ ಬಂದ. ಜೊತೆಗೆ ಕಾಂತಮ್ಮ. ಮೈ ಇಳಿದಿತ್ತು ಅವನಿಗೆ. ಗಾಡಿಯನ್ನು ಒಂದು ಸುತ್ತು ನೋಡಿ, ಟೈರಿಗೆ ಕೈಯಿಟ್ಟು, ದೂರವೇ ನಿಂತುಕೊಂಡ.

ಸಿಬ್ಬಂದಿಯೆಲ್ಲ ಹೊರಗೆ ಬಂದು ನಿಂತಿದ್ದರು. ಗುಡ್ಡ ಹತ್ತಿದ ಕಥೆಯನ್ನು ಈರಭದ್ರಪ್ಪ ಎಷ್ಟನೆಯ ಸಲವೋ ಹೇಳುತ್ತಿದ್ದ. ಮೇಡಂ ಭಾರಿ ತಲೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಕಾಂತಮ್ಮ ಅನುಪಮಾಳ ಎದುರಿಗೆ ಬಂದಳು.

"ರಾಡು ಅವ್ನೇ ಇಟ್ಟಿರ್ಬೇಕು ಅಂತ ನನ್ ಮಗ ಮೊದ್ಲೇ ಹೇಳಿದ್ನಂತಲ್ಲ ತಾಯಿ?"

"ಹೇಳಿದ್ದ."

"ಮತ್ತೆ?"

ಈರಭದ್ರಪ್ಪನ ಕಥೆ ಅರ್ಧಕ್ಕೇ ನಿಂತಿತು.

"ನಾವು ನಕ್ಕುಬಿಟ್ವಿ ಕಣಮ್ಮ," ಎಂದಳು ಅನುಪಮಾ. "ತಪ್ಪಾಯ್ತು."

"ನಂಗ್ಯಾಕ್ ಹೇಳ್ತೀಯ? ಒಳಗಿದ್ದೋಳು ನಾನಾ?" ಕಾಂತಮ್ಮ ಗಾಡಿಯ ಕಡೆ ಕೈ ತೋರಿಸಿದಳು. "ಅಗೋ, ಅಲ್ ನಿಂತವ್ನೆ. ಅವ್ನಿಗೇಳು."

ಅನುಪಮಾ ಟೋಪಿ ತೆಗೆದಳು. ಇಡೀ ಠಾಣೆ ನೋಡುತ್ತಿರುವಂತೆಯೇ ಮೆಟ್ಟಿಲಿಳಿದು ಧರ್ಮೇಶನ ಬಳಿಗೆ ನಡೆದಳು.