ಬೀಗದವನ ಹತ್ತು ವಾಕ್ಯ

"ಏನ್ರೀ, ನನ್ನ ಮುಖದಲ್ಲಿ ಏನಾದ್ರೂ ಬರ್ದಿದ್ಯಾ?"

ಕನ್ನಡಕದಂಗಡಿಯ ಹುಡುಗಿ ರಸ್ತೆ ದಾಟಿ ಬಂದು ಕೇಳಿಯೇಬಿಟ್ಟಳು. ನಾಲ್ಕು ದಿನದಿಂದ ನೋಡುತ್ತಿದ್ದಳು, ಎದುರಿನ ಬೀಗ ರಿಪೇರಿಯವನು ಅವಳ ಅಂಗಡಿಯತ್ತಲೇ ಕಣ್ಣು ನೆಟ್ಟು ಕೂತಿರುತ್ತಿದ್ದ. ಆಮೇಲೆ ತಲೆ ತಗ್ಗಿಸಿ ಏನೋ ಗೀಚಿಕೊಳ್ಳುತ್ತಿದ್ದ.

"ಇಲ್ಲ... ಹೋಂವರ್ಕ್," ಎಂದ ಅವನು. ಕಿವಿ ಕೆಂಪಗಾಗಿತ್ತು.

"ಹೋಂವರ್ಕಿಗೆ ನಾನೇ ಬೇಕಿತ್ತಾ?"

ಅವನು ಕೈಗೆ ಸಿಕ್ಕ ಬೀಗವೊಂದನ್ನು ತಿರುಗಿಸತೊಡಗಿದ. ಬಾಯಿಬಿಟ್ಟರೆ ಬಣ್ಣಗೇಡು ಎಂದು ನಂಬಿದ ಮನುಷ್ಯ ಅವನು.

ಹೋಂವರ್ಕ್ ಇದ್ದದ್ದೇನೋ ನಿಜ. ವಾಚನಾಲಯದ ಮಹಡಿಯ ಸಂಜೆ ಇಂಗ್ಲಿಷ್ ಕ್ಲಾಸಿನಲ್ಲಿ ಇಬ್ಬರದೂ ಒಂದೇ ಬೆಂಚು. ಆ ವಾರ ಮೇಷ್ಟ್ರು ಹೇಳಿದ್ದರು: "ಏನು ಮಾಡಿದ್ರು ಅಂತ ದಾರೀಲಿ ಹೋಗೋರೂ ಹೇಳ್ತಾರೆ. ಹೇಗೆ ಮಾಡಿದ್ರು ಅಂತ ಹೇಳೋಕೆ ನಿಂತು ನೋಡಿರ್ಬೇಕು. ಶಿ ಕೇಮ್ ಅಂದ್ರೆ ಬಂದ್ಳು, ಅಷ್ಟೆ. ಶಿ ಕೇಮ್ ಸ್ಮೈಲಿಂಗ್ ಅನ್ನಿ, ನಗ್ತಾ ಬಂದ್ಳು, ಕಣ್ಣಿಗೆ ಕಟ್ತಾಳೆ. ಯಾರನ್ನಾದ್ರೂ ಒಂದು ವಾರ ನೋಡಿ, ಹತ್ತು ವಾಕ್ಯ ಬರ್ಕೊಂಡು ಬನ್ನಿ."

ಅವಳು ಅಂಗಡಿಯ ಯಜಮಾನಿ ಚಿಕ್ಕಮ್ಮನನ್ನು ಆರಿಸಿಕೊಂಡಿದ್ದಳು. ಚಿಕ್ಕಮ್ಮ ಗೊಣಗುತ್ತಾ ಗುಡಿಸುತ್ತಾಳೆ, ಗೊಣಗುತ್ತಾ ಟೀ ಕುಡಿಯುತ್ತಾಳೆ, ಗೊಣಗುತ್ತಾ ಮಲಗುತ್ತಾಳೆ. ಒಂದೇ ಪದದಲ್ಲಿ ಹತ್ತೂ ವಾಕ್ಯ ಮುಗಿದಿದ್ದವು.

ನಿಜ ಹೇಳಬೇಕೆಂದರೆ ಅವಳು ಎರಡು ವರ್ಷದಿಂದ ನೋಡುತ್ತಿದ್ದದ್ದು ಬೀಗದವನನ್ನೇ. ಎಂಥ ಹಟಮಾರಿ ಬೀಗವಾದರೂ ಅವನು ಸಿಟ್ಟಾಗುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದ. ಆ ಕೈಗಳನ್ನು ನೋಡುತ್ತಾ ಅವಳು ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದ್ದುಂಟು. ಅವನೋ, "ಕರೆಂಟ್ ಬಂತಾ?" ಎನ್ನುವುದರಾಚೆ ಒಂದು ಮಾತು ಆಡಿದವನಲ್ಲ.

ಸೋಮವಾರ ಅವಳು ಬೇರೆ ಊರಿಗೆ ಹೊರಡುವವಳಿದ್ದಳು, ಲೆನ್ಸ್ ತಯಾರಿಸುವ ಆರು ತಿಂಗಳ ತರಬೇತಿಗೆ. ಬಯಸಿದರೆ ಅಲ್ಲೇ ಕೆಲಸಕ್ಕೆ ಉಳಿಯಬಹುದು ಎಂದೂ ಪತ್ರದಲ್ಲಿತ್ತು. ವಾಪಸ್ ಬಾ ಎನ್ನುವವರು ಇಲ್ಲಿ ಯಾರಿದ್ದಾರೆ ಎಂದು ನೆನೆದಾಗಲೆಲ್ಲ ಅವಳು ಆ ಪತ್ರವನ್ನು ಮಡಚಿ ಒಳಗಿಡುತ್ತಿದ್ದಳು.

ಶುಕ್ರವಾರ ಅವಳ ಕೊನೆಯ ಕ್ಲಾಸು, ಅದು ಎಲ್ಲರಿಗೂ ಗೊತ್ತಿತ್ತು. "ತನ್ನ ತಪ್ಪು ತನಗೆ ಕಾಣಲ್ಲ," ಎಂದು ಮೇಷ್ಟ್ರು ಎಂದಿನಂತೆ ಪಕ್ಕದವರ ಜೊತೆ ನೋಟ್‌ಬುಕ್ ಬದಲಾಯಿಸಲು ಹೇಳಿದರು. ಈ ಪದ್ಧತಿಯನ್ನು ಬೀಗದವನು ಪಾಪ ಮರೆತೇಬಿಟ್ಟಿದ್ದ. ಅವನು ನೋಟ್‌ಬುಕ್ಕನ್ನು ಎದೆಗವಚಿಕೊಂಡ. ಅವಳು ಕಿತ್ತುಕೊಂಡಳು.

'ಶಿ ವೈಪ್ಸ್ ದ ಗ್ಲಾಸ್ ಹಮ್ಮಿಂಗ್.' ಗುನುಗುತ್ತಾ ಗಾಜು ಒರೆಸುತ್ತಾಳೆ. ತಾನು ಗುನುಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

'ಶಿ ಪುಟ್ಸ್ ಗ್ಲಾಸಸ್ ಆನ್ ಓಲ್ಡ್ ಪೀಪಲ್ ಹೋಲ್ಡಿಂಗ್ ಹರ್ ಬ್ರೆತ್.' ಹೌದಲ್ಲ! ಅಜ್ಜ ಅಜ್ಜಿಯರಿಗೆ ಕನ್ನಡಕ ತೊಡಿಸುವಾಗ, ಅವರಿಗೆ ಜಗತ್ತು ಕಾಣುವ ತನಕ ಅವಳು ಉಸಿರು ಬಿಗಿಹಿಡಿದಿರುತ್ತಿದ್ದಳು. ಅದನ್ನು ಚಿಕ್ಕಮ್ಮ ಕೂಡ ಗಮನಿಸಿರಲಿಲ್ಲ.

'ಶಿ ಕೇಮ್ ಟು ಮೈ ಶಾಪ್ ಶೌಟಿಂಗ್.' ಕೂಗಾಡುತ್ತಾ ಬಂದಳು. ಪಕ್ಕದಲ್ಲಿ ಸಣ್ಣಕ್ಷರದ ಕನ್ನಡ: ಆದರೂ ಚೆಂದ ಕಾಣ್ತಿದ್ರು.

ಅವಳು ಮತ್ತೆ ಮೊದಲಿನಿಂದ ಓದಿದಳು. ತನ್ನನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಒಂಬತ್ತೂ ವಾಕ್ಯ ಅವಳ ಬಗ್ಗೆಯೇ. ಹತ್ತನೆಯದು ಅರ್ಧಕ್ಕೆ ನಿಂತಿತ್ತು: 'ಶಿ ವಿಲ್ ಗೋ ಅವೇ' ಹೋಗಿಬಿಡುತ್ತಾಳೆ ಎಂದು ಬರೆದು, ಹೇಗೆ ಎನ್ನುವ ಜಾಗ ಖಾಲಿ ಬಿಟ್ಟಿದ್ದ.

"ಇದ್ಯಾಕೆ ಹೀಗೆ?" ಪಿಸುಗುಟ್ಟಿದಳು.

"ನೋಡಿದ್ದನ್ನೇ ಬರೀಬೇಕಲ್ಲ. ನೀವು ನಗ್ತಾ ಹೋಗ್ತೀರೋ ಏನೋ, ನಂಗೇನು ಗೊತ್ತು?" ಅವನ ದನಿ ತಗ್ಗಿತು. "ನಗ್ತಾ ಹೋದ್ರೆ ನೋಡೋಕಾಗಲ್ಲ ನಂಗೆ."

"ಎರಡು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಊರ ಬೀಗ ಎಲ್ಲಾ ತೆಗೀತೀನಿ, ಇದೊಂದೇ ಬರಲ್ಲ." ಅವನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದ. "ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ. ಹೋಗ್ಬೇಡಿ ಅನ್ನಲ್ಲ, ನಿಮ್ಮ ಕೈಲಿ ಅಂಥಾ ಕೆಲಸ ಇದೆ. ಕಲ್ತ್ಕೊಂಡು... ವಾಪಸ್ ಬನ್ನಿ."

ಅವಳ ಕಣ್ಣು ಮಂಜಾಯಿತು. ಊರಿಗೆಲ್ಲ ಕನ್ನಡಕ ಕೊಡುವವಳಿಗೆ ಆ ಕ್ಷಣ ಎದುರಿನ ಪುಟವೇ ಕಾಣಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪೆನ್ಸಿಲ್ ತೆಗೆದು ಅವನ ಹತ್ತನೆಯ ವಾಕ್ಯದ ಕೆಳಗೆ ಇನ್ನೊಂದು ಬರೆದಳು: 'ಶಿ ವಿಲ್ ಕಮ್ ಬ್ಯಾಕ್ ರನ್ನಿಂಗ್.'

ಅವನು ತುಟಿಯಲ್ಲೇ ಎರಡು ಸಲ ಓದಿಕೊಂಡ. ಮುಖ ಅರಳಿತು.

"ರನ್ನಿಂಗ್ ಅಂದ್ರೆ ಓಡ್ತಾ ಅಲ್ವಾ?"

"ಹೂಂ."

"ಓಡ್ಬೇಡಿ, ಬಿದ್ದೀರಿ. ನಿಧಾನಕ್ಕೇ ಬನ್ನಿ," ಎಂದ. "ನಾನೆಲ್ಲಿಗೂ ಹೋಗಲ್ಲ. ಇಲ್ಲೇ ಕೂತಿರ್ತೀನಿ, ಕಾಯ್ತಾ."